1935: ಬ್ರಿಟಿಷ್ ಬಾನುಲಿಯ ಒಂದು ವರ್ಷ, ಮೈಸೂರಿನ ಒಂದು ಮನೆ

ಬ್ರಿಟಿಷ್ ಬಾನುಲಿಯ ಚರಿತ್ರೆಯಲ್ಲಿ 1935 ಒಂದು ಹೊಸ್ತಿಲಿನ ವರ್ಷ. ಲಂಡನ್ನಿನಲ್ಲಿ ಬಿಬಿಸಿಯ ಹತ್ತು ವರ್ಷಗಳ ರಾಜಸನ್ನದು ಮುಗಿಯುವ ಕಾಲ ಸಮೀಪಿಸುತ್ತಿತ್ತು. ಸಂಸ್ಥೆಯ ಮುಂದಿನ ಸ್ವರೂಪವನ್ನು ತೂಗಿ ನೋಡಲು ಏಪ್ರಿಲ್ ತಿಂಗಳಲ್ಲಿ ಅಲ್ಸ್‌ವಾಟರ್ ಸಮಿತಿ ನೇಮಕವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಭಾರತ ಸರ್ಕಾರ ಕಾಯ್ದೆಗೆ ದೊರೆಯ ಅಂಕಿತ ಬಿದ್ದಿತು. ಅದರಲ್ಲಿ ಬಾನುಲಿಗೆಂದೇ ಒಂದು ಕಲಮು ಇತ್ತು. ಅದೇ ತಿಂಗಳ ಕೊನೆಗೆ ಬಿಬಿಸಿಯ ಲಯನೆಲ್ ಫೀಲ್ಡನ್ ಭಾರತದ ಮೊದಲ ಬಾನುಲಿ ನಿಯಂತ್ರಕರಾಗಿ ಬಂದಿಳಿದರು. ಇದಾದ ಹತ್ತು ಹನ್ನೊಂದು ದಿನಗಳಿಗೆ, ಸೆಪ್ಟೆಂಬರ್ 10ರಂದು, ಮೈಸೂರಿನ ಒಂದು ಮನೆಯಿಂದ ಕನ್ನಡದ ದನಿ ಗಾಳಿಗೇರಿತು.

ಈ ನಾಲ್ಕು ಘಟನೆಗಳಲ್ಲಿ ಮೊದಲ ಮೂರಕ್ಕೆ ಗ್ರಂಥಗಳಲ್ಲಿ ಅಧ್ಯಾಯಗಳುಂಟು, ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಒಂದು ಸಾಲು. ಆ ಸಾಲೂ ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ ಎಂಬ ಹೆಮ್ಮೆಯನ್ನು ಹೇಳಿ ನಿಂತುಬಿಡುತ್ತದೆ. ಹೆಸರಿಗಿಂತ ದೊಡ್ಡ ಸಂಗತಿ ಬೇರೊಂದಿದೆ. ಬ್ರಿಟಿಷ್ ಭಾರತದ ಬಾನುಲಿ ಇಲಾಖೆ ತಾನು ಇದ್ದಷ್ಟು ಕಾಲ ಕನ್ನಡ ನಾಡಿನ ಒಂದೇ ಒಂದು ಊರಿನಲ್ಲಿಯೂ ನಿಲಯ ತೆರೆಯಲಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದುಗಳಲ್ಲಿ ಕನ್ನಡ ಕೇಳಿಬಂದದ್ದುಂಟು. ಆದರೆ ಅಲ್ಲೆಲ್ಲ ಅದು ಬೇರೊಂದು ಭಾಷೆಯ ಮನೆಗೆ ಹೊತ್ತು ಗೊತ್ತುಮಾಡಿಕೊಂಡು ಬಂದು ಹೋಗುವ ನೆಂಟ. ಕನ್ನಡವೇ ಮನೆಯೊಡತಿಯಾಗಿದ್ದ ನಿಲಯ ಮೈಸೂರಿನದೊಂದೇ, ಮತ್ತು ಅದು ಅಕ್ಷರಶಃ ಒಂದು ಮನೆಯೇ ಆಗಿತ್ತು. 1935ರ ಬದಲಾವಣೆಗಳನ್ನು ಕನ್ನಡದ ಕಡೆಯಿಂದ ನೋಡಿದರೆ ಕಾಣುವುದು ಇದು.

ಸೀಕಾಕಸ್ಸಿನ ಸುತ್ತಮುತ್ತ ನೆಲಸಿರುವ ಓದುಗರಿಗೆ ಇಂಥ ಕೊರತೆ ಅಪರಿಚಿತವಾಗಬೇಕಿಲ್ಲ. ಒಂದು ಪಕ್ಕಕ್ಕೆ ನ್ಯೂಯಾರ್ಕ್, ಇನ್ನೊಂದು ಪಕ್ಕಕ್ಕೆ ಫಿಲಡೆಲ್ಫಿಯಾ ಇರುವ ನ್ಯೂಜರ್ಸಿ ರಾಜ್ಯಕ್ಕೆ 1960ರ ದಶಕದ ಆರಂಭದಿಂದ ಎರಡು ದಶಕಗಳ ಕಾಲ ತನ್ನದೆನ್ನುವ ವಾಣಿಜ್ಯ ವಿಎಚ್‌ಎಫ್ ಟೆಲಿವಿಷನ್ ನಿಲಯವಿರಲಿಲ್ಲ. ಎರಡು ಮಹಾನಗರಗಳ ನಿಲಯಗಳು ಇಲ್ಲಿ ಚೆನ್ನಾಗಿಯೇ ಕಾಣುತ್ತಿದ್ದವು, ಆದರೆ ಅವು ತಮ್ಮ ತಮ್ಮ ಊರಿನ ಸುದ್ದಿಯನ್ನು ಹೇಳುತ್ತಿದ್ದವು. 1982ರಲ್ಲಿ ಸೆನೆಟರ್ ಬಿಲ್ ಬ್ರಾಡ್ಲಿಯವರ ಪ್ರಯತ್ನದಿಂದ ಕಾನೂನಿಗೆ ಒಂದು ತಿದ್ದುಪಡಿ ಬಂದಿತು: ಇಂಥ ನಿಲಯವೇ ಇಲ್ಲದ ರಾಜ್ಯಕ್ಕೆ ಸ್ಥಳಾಂತರಗೊಳ್ಳಲು ಒಪ್ಪುವ ಸಂಸ್ಥೆಗೆ ಐದು ವರ್ಷಗಳ ಲೈಸೆನ್ಸ್ ತಾನಾಗಿಯೇ ದೊರೆಯುವುದೆಂದು. ತನ್ನ ಲೈಸೆನ್ಸುಗಳನ್ನೇ ಕಳೆದುಕೊಳ್ಳುವ ಭಯದಲ್ಲಿದ್ದ ಆರ್‌ಕೆಒ ಸಂಸ್ಥೆ ಕೂಡಲೇ ಒಪ್ಪಿತು. 1983ರಲ್ಲಿ 9ನೇ ಚಾನೆಲ್ಲಿನ ಡಬ್ಲ್ಯುಒಆರ್ ಟೆಲಿವಿಷನ್ನಿನ ಅಧಿಕೃತ ಊರು ಸೀಕಾಕಸ್ ಆಯಿತು. ಸದ್ದು ಕೇಳಿಸುವುದೇ ಬೇರೆ, ಸದ್ದು ನಮ್ಮೂರಿನಿಂದ ಹೊರಡುವುದೇ ಬೇರೆ ಎಂಬುದನ್ನು ಈ ರಾಜ್ಯದವರು ಕಾನೂನಿನ ಮೂಲಕ ಸಾಧಿಸಿಕೊಂಡರು. ಮೈಸೂರಿನಲ್ಲಿ ಅದನ್ನು ಒಬ್ಬ ಅಧ್ಯಾಪಕರು ತಮ್ಮ ಜೇಬಿನ ಹಣದಿಂದ ಮಾಡಿದರು.

ಗಾಳಿಯ ಒಡೆತನ

ಬಾನುಲಿ ಹುಟ್ಟಿದೊಡನೆ ಎಲ್ಲ ದೇಶಗಳೂ ಎದುರಿಸಿದ ಪ್ರಶ್ನೆ ಒಂದೇ: ಇದಕ್ಕೆ ಹಣ ಕೊಡುವವರು ಯಾರು? ಅಮೆರಿಕ ಕಂಡುಕೊಂಡ ಉತ್ತರ ನಮ್ಮ ಓದುಗರು ವಾರಾಂತ್ಯದಲ್ಲಿ ಸಾಮಾನು ಕೊಳ್ಳಲು ಹೋಗುವ ಬೀದಿಗಳಲ್ಲಿಯೇ ಹುಟ್ಟಿತು. 1922ರ ಆಗಸ್ಟ್ 28ರಂದು ನ್ಯೂಯಾರ್ಕಿನ ಡಬ್ಲ್ಯುಇಎಎಫ್ ನಿಲಯ ಹಣ ಪಡೆದು ಬಿತ್ತರಿಸಿದ ಜಾಹೀರಾತು ಜಾಕ್ಸನ್ ಹೈಟ್ಸ್‌ನ ಹಾಥಾರ್ನ್ ಕೋರ್ಟ್ ಎಂಬ ವಸತಿ ಸಂಕೀರ್ಣದ್ದು. ಅದೇ ವರ್ಷದ ಫೆಬ್ರವರಿಯಲ್ಲಿ ನೆವಾರ್ಕಿನ ಬ್ಯಾಂಬರ್ಗರ್ ಅಂಗಡಿಯವರು ಡಬ್ಲ್ಯುಒಆರ್ ಬಾನುಲಿ ನಿಲಯವನ್ನು ತೆರೆದಿದ್ದರು. ರೇಡಿಯೋ ಸೆಟ್ಟು ಮಾರಬೇಕಾದರೆ ಅದರಲ್ಲಿ ಏನಾದರೂ ಕೇಳಿಸಬೇಕಲ್ಲವೆ!

ಬ್ರಿಟನ್ ಹಿಡಿದದ್ದು ಬೇರೆ ದಾರಿ. 1922ರಲ್ಲಿ ಸೆಟ್ಟು ತಯಾರಕರ ಕಂಪೆನಿಯಾಗಿ ಹುಟ್ಟಿದ ಬಿಬಿಸಿ 1927ರ ಜನವರಿ 1ರಂದು ರಾಜಸನ್ನದಿನ ಸಾರ್ವಜನಿಕ ನಿಗಮವಾಯಿತು. ಜಾಹೀರಾತಿಲ್ಲ, ಪ್ರತಿಸ್ಪರ್ಧಿಯಿಲ್ಲ, ಸೆಟ್ಟು ಇಟ್ಟುಕೊಂಡ ಪ್ರತಿ ಮನೆಯೂ ವರ್ಷಕ್ಕೆ ಹತ್ತು ಷಿಲಿಂಗ್ ಕಟ್ಟಬೇಕು. ಸಂಸ್ಥೆಯ ಮುಖ್ಯಸ್ಥ ಜಾನ್ ರೀತ್ ಅವರಿಗೆ ಬಾನುಲಿಯೆಂದರೆ ಜನರು ಕೇಳಬಯಸಿದ್ದನ್ನು ಕೊಡುವ ಅಂಗಡಿಯಲ್ಲ, ಜನರಿಗೆ ಹಿತವಾದುದನ್ನು ಕೇಳಿಸುವ ಪಾಠಶಾಲೆ. ಅಲ್ಸ್‌ವಾಟರ್ ಸಮಿತಿ ಈ ವ್ಯವಸ್ಥೆಯನ್ನು ಒಟ್ಟಿನಲ್ಲಿ ಎತ್ತಿಹಿಡಿಯಿತು. 1937ರ ಮೊದಲ ದಿನದಿಂದ ಹೊಸ ಸನ್ನದು ಜಾರಿಗೆ ಬಂದಿತು. ಈ ನಡುವೆ, 1936ರ ನವೆಂಬರ್ 2ರಂದು, ಅಲೆಕ್ಸಾಂಡ್ರಾ ಅರಮನೆಯಿಂದ ಬಿಬಿಸಿಯ ಟೆಲಿವಿಷನ್ ಸೇವೆಯೂ ಆರಂಭವಾಯಿತು.

ಸಾಮ್ರಾಜ್ಯದ ಉಳಿದ ಭಾಗಕ್ಕೆ ತಲುಪಿದ್ದು ಇದರ ಇನ್ನೊಂದು ಕವಲು. 1932ರ ಡಿಸೆಂಬರ್ 19ರಂದು ಡ್ಯಾವೆಂಟ್ರಿಯ ಹ್ರಸ್ವತರಂಗ ಕೇಂದ್ರದಿಂದ ಎಂಪೈರ್ ಸರ್ವಿಸ್ ಮೊದಲಾಯಿತು. ಮಧ್ಯಮತರಂಗ ನೆಲವನ್ನು ಅಪ್ಪಿಕೊಂಡು ಸಾಗುತ್ತದೆ. ಒದ್ದೆಯಾದ, ಉಪ್ಪು ಬೆರೆತ ನೆಲದ ಮೇಲೆ ಅದಕ್ಕೆ ಹೆಚ್ಚು ದೂರ. ಲಿಂಡ್‌ಹರ್ಸ್ಟ್, ಕಾರ್ಲ್‌ಸ್ಟಾಟ್, ಕರ್ನಿ ಊರುಗಳ ಜೌಗಿನಲ್ಲಿ ಟರ್ನ್‌ಪೈಕಿನಿಂದ ಕಾಣುವ ಕಂಬಗಳ ತೋಪು ಅದೇ ಕಾರಣಕ್ಕೆ ಅಲ್ಲಿ ಬೆಳೆದದ್ದು. ಹ್ರಸ್ವತರಂಗವಾದರೋ ಮೇಲಿನ ವಾಯುಮಂಡಲಕ್ಕೆ ತಾಗಿ ಹಿಂದಿರುಗಿ ಖಂಡಗಳನ್ನು ದಾಟುತ್ತದೆ. ಹೀಗೆ ಲಂಡನ್ನಿನ ದನಿ ಬೆಂಗಳೂರಿನ ಕಂಟೋನ್ಮೆಂಟಿನಲ್ಲಿಯೂ ಕೊಡಗಿನ ಕಾಫಿ ತೋಟದ ಬಂಗಲೆಗಳಲ್ಲಿಯೂ ಕೇಳಿಸುವಂತಾಯಿತು. ಆರಂಭದ ಕಾರ್ಯಕ್ರಮಗಳಿಂದ ಹೆಚ್ಚೇನನ್ನೂ ನಿರೀಕ್ಷಿಸಬೇಡಿರೆಂದು ರೀತ್ ಮೊದಲ ದಿನವೇ ಕೇಳುಗರನ್ನು ಎಚ್ಚರಿಸಿದ್ದರು. ಆ ಕೇಳುಗರು ಯಾರೆಂಬುದರ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ: ದೂರ ದೇಶಗಳಲ್ಲಿ ನೆಲಸಿದ, ಇಂಗ್ಲಿಷ್ ಮಾತನಾಡುವ ಬ್ರಿಟಿಷರು. ಭಾರತದ ಭಾಷೆಗಳು ಲಂಡನ್ನಿನ ಬಾನುಲಿಯನ್ನು ಪ್ರವೇಶಿಸಿದ್ದು ಎರಡನೆಯ ಮಹಾಯುದ್ಧ ಬಂದ ಮೇಲೆ. 1940ರಲ್ಲಿ ಹಿಂದುಸ್ತಾನಿ, ಬಳಿಕ ತಮಿಳು, ಬಂಗಾಳಿ, ಮರಾಠಿ, ಗುಜರಾತಿ. ಆ ಸಾಲಿನಲ್ಲಿ ಕನ್ನಡವಿರಲಿಲ್ಲ. 2017ರಲ್ಲಿ ಬಿಬಿಸಿ ಗುಜರಾತಿ, ಮರಾಠಿ, ಪಂಜಾಬಿ, ತೆಲುಗು ಸೇವೆಗಳನ್ನು ತೆರೆದಾಗಲೂ ಇರಲಿಲ್ಲ.

ದೆಹಲಿಯ ಯೋಜನೆ

ಭಾರತದಲ್ಲಿ ಬಾನುಲಿಯ ಮೊದಲ ಹೆಜ್ಜೆಗಳು ಎಡವಟ್ಟಿನವು. 1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ ಉದ್ಘಾಟಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯ ಮುಂಬಯಿ ನಿಲಯ, ಮರುತಿಂಗಳು ಆರಂಭವಾದ ಕಲ್ಕತ್ತಾ ನಿಲಯ, ಎರಡೂ ಒಂದೂವರೆ ಕಿಲೋವ್ಯಾಟಿನ ಯಂತ್ರಗಳು. ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್. ಅದರ ನೂರಕ್ಕೆ ಎಂಬತ್ತು ಪಾಲು ಕಂಪೆನಿಗೆ. ಕದ್ದು ಕೇಳುವವರು ಕಟ್ಟಿ ಕೇಳುವವರಿಗಿಂತ ಹೆಚ್ಚಿದ್ದರೆಂದು ಕಂಪೆನಿ ಗೊಣಗಿತು. ಮೂರು ವರ್ಷವಾಗುವಷ್ಟರಲ್ಲಿ ಅದು ದಿವಾಳಿಯಾಗಿ, 1930ರ ಏಪ್ರಿಲ್‌ನಿಂದ ಸರ್ಕಾರವೇ ಅದನ್ನು ನಡೆಸತೊಡಗಿತು. 1931ರ ಅಕ್ಟೋಬರಿನಲ್ಲಿ ಮುಚ್ಚಿಬಿಡುವ ತೀರ್ಮಾನವಾಯಿತು. ಕೂಗೆದ್ದ ಮೇಲೆ ನವೆಂಬರಿನಲ್ಲಿ ಆ ತೀರ್ಮಾನವನ್ನೇ ಮುಚ್ಚಿದರು. ಖರ್ಚು ತೂಗಿಸಲು ಹೊರದೇಶದ ಸೆಟ್ಟುಗಳ ಮೇಲಿನ ಸುಂಕವನ್ನು ನೂರಕ್ಕೆ ಐವತ್ತಕ್ಕೆ ಏರಿಸಲಾಯಿತು.

ಈ ಬಡಕಲು ಸೇವೆಗೆ ಜೀವ ಬಂದದ್ದು ತನ್ನ ಗುಣದಿಂದಲ್ಲ. ಎಂಪೈರ್ ಸರ್ವಿಸ್ ಕೇಳಲೆಂದು ಭಾರತದಲ್ಲಿದ್ದ ಯೂರೋಪಿಯನ್ನರು ಸೆಟ್ಟುಗಳನ್ನು ಕೊಂಡರು. 1932ರಿಂದ 1934ರ ಕೊನೆಗೆ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರದ ಸುಮಾರಿನಿಂದ ಹದಿನಾರು ಸಾವಿರಕ್ಕೆ ಏರಿತು. ಲಂಡನ್ನಿನ ಕಾರ್ಯಕ್ರಮ ಕೇಳಲು ಕಟ್ಟಿದ ಹಣದಿಂದ ಮುಂಬಯಿಯ ಕಾರ್ಯಕ್ರಮ ನಡೆಯಿತು. ಹಣ ಬಂದದ್ದರಿಂದ ಯೋಜನೆಗಳೂ ಬಂದವು, ಯೋಜನೆ ಹಾಕಲು ಫೀಲ್ಡನ್ ಬಂದರು.

ಫೀಲ್ಡನ್ ಅಧಿಕಾರಶಾಹಿಗೆ ಒಗ್ಗದ, ಮಾತಿನಲ್ಲಿ ಹರಿತವಾದ ವ್ಯಕ್ತಿ. 1936ರ ಜನವರಿ 1ರಂದು ದೆಹಲಿ ನಿಲಯ ಆರಂಭವಾಯಿತು. ಜೂನ್ 8ರಂದು ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂಬ ನಾಲಗೆ ತೊಡರುವ ಹೆಸರು ಹೋಗಿ ‘ಆಲ್ ಇಂಡಿಯಾ ರೇಡಿಯೋ’ ಬಂದಿತು. ಈ ಹೆಸರನ್ನು ವೈಸರಾಯ್ ಲಿನ್‌ಲಿತ್‌ಗೋ ಅವರ ಬಾಯಿಂದಲೇ ಬಂದಂತೆ ಮಾಡಿ, ಅವರೇ ಸೂಚಿಸಿದರೆಂದು ನಂಬಿಸಿದ ಕತೆಯನ್ನು ಫೀಲ್ಡನ್ ತಮ್ಮ ಆತ್ಮಕಥೆಯಲ್ಲಿ ಸಂಭ್ರಮದಿಂದ ಬರೆದುಕೊಂಡಿದ್ದಾರೆ. ಬಿಬಿಸಿಯ ತಂತ್ರಜ್ಞರು ಬಂದು ದೇಶವನ್ನು ಅಳೆದು ನೋಡಿದರು. ಅನಂತರ ನಿಲಯಗಳು ಒಂದರ ಹಿಂದೊಂದು ಬಂದವು: 1937ರಲ್ಲಿ ಲಾಹೋರ್, 1938ರಲ್ಲಿ ಲಖನೌ ಮತ್ತು ಮದ್ರಾಸ್, 1939ರಲ್ಲಿ ತಿರುಚಿನಾಪಳ್ಳಿ ಮತ್ತು ಢಾಕಾ.

ಈ ಪಟ್ಟಿಯಲ್ಲಿ ಧಾರವಾಡವಿಲ್ಲ, ಮಂಗಳೂರಿಲ್ಲ, ಬಳ್ಳಾರಿಯಿಲ್ಲ. ಇದನ್ನು ದ್ವೇಷವೆಂದು ಓದುವುದು ತಪ್ಪಾದೀತು. ಇದು ನಕಾಶೆಯ ಲೆಕ್ಕ. ಕನ್ನಡಿಗರು ಆಗ ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ನಿಜಾಮನ ರಾಜ್ಯ, ಮೈಸೂರು ಸಂಸ್ಥಾನ, ಕೊಡಗು, ಜೊತೆಗೆ ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂಥ ಚಿಕ್ಕ ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಪ್ರಾಂತದ ರಾಜಧಾನಿಗೊಂದು ನಿಲಯ ಎಂಬ ಸೂತ್ರದಲ್ಲಿ, ಯಾವ ಪ್ರಾಂತದ ರಾಜಧಾನಿಯೂ ಕನ್ನಡದ್ದಲ್ಲದಿದ್ದಾಗ, ಕನ್ನಡಕ್ಕೆ ನಿಲಯ ಬರುವ ದಾರಿಯೇ ಇರಲಿಲ್ಲ. ಮುಂಬಯಿಯಲ್ಲಿ ಮರಾಠಿ ಗುಜರಾತಿಗಳ ನಡುವೆ, ಮದ್ರಾಸಿನಲ್ಲಿ ತಮಿಳು ತೆಲುಗುಗಳ ಬೆನ್ನಿಗೆ ಕನ್ನಡಕ್ಕೆ ಒಂದಿಷ್ಟು ಹೊತ್ತು. ಹೈದರಾಬಾದಿನ ದಖನ್ ರೇಡಿಯೋ 1935ರ ಫೆಬ್ರವರಿ 3ರಂದು ನಿಜಾಮ ಸರ್ಕಾರದ ಕೈಗೆ ಬಂದು 200 ವ್ಯಾಟಿನಲ್ಲಿ ಪ್ರಸಾರ ನಡೆಸಿತು. ಅಲ್ಲಿ ಮೊದಲ ಮಣೆ ಉರ್ದುವಿಗೆ. 1947ರಲ್ಲಿ ಸ್ವತಂತ್ರ ಭಾರತದ ಪಾಲಿಗೆ ಬಂದ ಆಲ್ ಇಂಡಿಯಾ ರೇಡಿಯೋ ನಿಲಯಗಳು ಆರು: ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸ್, ಲಖನೌ, ತಿರುಚಿನಾಪಳ್ಳಿ. ಆರರಲ್ಲಿ ಒಂದೂ ಕನ್ನಡ ನೆಲದಲ್ಲಿಲ್ಲ.

ವಿಠ್ಠಲ ವಿಹಾರ

ಇನ್ನು ಆ ಕಲಮಿನ ಮಾತು. 1935ರ ಭಾರತ ಸರ್ಕಾರ ಕಾಯ್ದೆಯ 129ನೆಯ ಕಲಮು ಹೇಳುವುದಿಷ್ಟು: ಪ್ರಾಂತವಾಗಲಿ, ಒಕ್ಕೂಟ ಸೇರಿದ ಸಂಸ್ಥಾನದ ಅರಸನಾಗಲಿ ತನ್ನ ಸೀಮೆಯಲ್ಲಿ ಪ್ರಸಾರ ಯಂತ್ರ ಕಟ್ಟಿ ಬಳಸಬಯಸಿದರೆ, ಒಕ್ಕೂಟದ ಸರ್ಕಾರ ಸಕಾರಣವಿಲ್ಲದೆ ಅದನ್ನು ನಿರಾಕರಿಸಕೂಡದು. ಒಡೆತನ ದೆಹಲಿಯದೇ, ಆದರೆ ಬಾಗಿಲು ಪೂರ್ತಿ ಮುಚ್ಚಿದ್ದಲ್ಲ. ಕಾಯ್ದೆ ಕಲ್ಪಿಸಿದ ಒಕ್ಕೂಟವಂತೂ ಕೊನೆಗೂ ಹುಟ್ಟಲೇ ಇಲ್ಲ, ಸಂಸ್ಥಾನಿಕರು ಅದನ್ನು ಸೇರಲಿಲ್ಲ. ಆದರೂ ಸಂಸ್ಥಾನಗಳ ಗಾಳಿ ಸಂಸ್ಥಾನಗಳದ್ದು ಎಂಬ ತಿಳಿವಳಿಕೆ ಆ ಕಾಲದ್ದು. ಸಂಸ್ಥಾನಗಳ ನಿಲಯಗಳಲ್ಲಿ ಹೆಚ್ಚಿನವು ಅರಸರ ಬೊಕ್ಕಸದಿಂದ ನಡೆದವು. ಮೈಸೂರಿನದು ಮಾತ್ರ ಒಬ್ಬ ಗೃಹಸ್ಥರಿಂದ ಆರಂಭವಾಯಿತು.

ಡಾ. ಎಂ. ವಿ. ಗೋಪಾಲಸ್ವಾಮಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು. ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಭಾರತೀಯ ಮಕ್ಕಳಿಗೆ ಒಗ್ಗಿಸಿದವರು, ನಾಟಕದಲ್ಲಿ ಆಸಕ್ತರು, ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲಿಗಳು. ಅವರ ಮನೆ ‘ವಿಠ್ಠಲ ವಿಹಾರ’. ಇಂದಿನ ಮೈಸೂರು ಆಕಾಶವಾಣಿ ಕಟ್ಟಡಕ್ಕೆ ಇನ್ನೂರು ಗಜಗಳ ಆಸುಪಾಸು. ಯಂತ್ರದ ಶಕ್ತಿ ನೂರು ವ್ಯಾಟನ್ನೂ ಮುಟ್ಟದು, ಹಳೆಯ ಕಾಲದ ಒಂದು ವಿದ್ಯುದ್ದೀಪಕ್ಕೆ ಬೇಕಾದಷ್ಟು.

ಆ ಅಲ್ಪತೆಯನ್ನು ಅಳೆಯಲು ನ್ಯೂಜರ್ಸಿಯದೇ ಅಳತೆಗೋಲು ಸಿಕ್ಕುತ್ತದೆ. ಅದೇ 1935ರಲ್ಲಿ ನೆವಾರ್ಕಿನ ಡಬ್ಲ್ಯುಒಆರ್ ಬಾನುಲಿ ಕಾರ್ಟರೆಟ್ ಊರಿನಲ್ಲಿ 50,000 ವ್ಯಾಟಿನ ಹೊಸ ಯಂತ್ರವನ್ನು ಹೂಡಿತು. ಮೈಸೂರಿನ ಐನೂರು ಮನೆಗಳಲ್ಲಿ ಇಂಥ ಐನೂರು ಯಂತ್ರಗಳನ್ನು ಇಟ್ಟರೂ ಅದಕ್ಕೆ ಸಾಟಿಯಾಗದು. ಇನ್ನೊಂದು ಹೋಲಿಕೆ ಗೋಪಾಲಸ್ವಾಮಿಯವರಿಗೆ ಹೆಚ್ಚು ಒಪ್ಪುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ನ್ಯೂಯಾರ್ಕಿನ ತಂತ್ರಜ್ಞರ ಸಭೆಯಲ್ಲಿ ಎಫ್‌ಎಂ ಪ್ರಸಾರವನ್ನು ಪ್ರದರ್ಶಿಸಿದರು. ಆ ದನಿ ಹೊರಟದ್ದು ದೊಡ್ಡ ಕಂಪೆನಿಯ ಗೋಪುರದಿಂದಲ್ಲ; ಯಾಂಕರ್ಸ್ ಊರಿನಲ್ಲಿದ್ದ ಹವ್ಯಾಸಿ ಮಿತ್ರರೊಬ್ಬರ ಮನೆಯಿಂದ. ಸಾಮ್ರಾಜ್ಯಗಳೂ ಕಂಪೆನಿಗಳೂ ಗಾಳಿಯನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿಯೂ ಮನೆಯಂಗಳದ ಬಾನುಲಿಗೆ ಇನ್ನೂ ಎಡೆಯಿತ್ತು.

ಅಷ್ಟು ಸಣ್ಣ ಯಂತ್ರದ ದನಿ ಊರನ್ನೂ ಊರ ಸುತ್ತಿನ ಕೆಲವು ಮೈಲಿಗಳನ್ನೂ ದಾಟುವುದು ಕಷ್ಟ. ಆದರೆ ಯಾವ ಊರು ಎಂಬುದು ಮುಖ್ಯ. 1916ರಿಂದ ವಿಶ್ವವಿದ್ಯಾನಿಲಯವಿದ್ದ, ಅರಮನೆಯ ವಿದ್ವಾಂಸರಿದ್ದ, ಶಿವನಸಮುದ್ರದ ವಿದ್ಯುತ್ತು ಬೀದಿಗೆ ಬಂದಿದ್ದ ಊರು ಅದು. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೇ ಒಂದು ಬಾನುಲಿಗೆ ಬೇಕಾದ ಭಾಷಣಕಾರರು, ನಾಟಕಕಾರರು, ಕವಿಗಳು ಎಲ್ಲರೂ ಇದ್ದರು. ಆಗ ಅಲ್ಲಿಯೇ ಅಧ್ಯಾಪಕರಾಗಿದ್ದ ಕುವೆಂಪು ಮೊದಲ ದಿನದ ಪ್ರಸಾರದಲ್ಲಿ ತಮ್ಮ ಕವಿತೆ ಓದಿದರೆಂಬುದು ಮೈಸೂರಿನಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಅದೇ ಅಕ್ಟೋಬರಿನಲ್ಲಿ ಮೈಸೂರಿನ ಆರ್. ಕೆ. ನಾರಾಯಣರ ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಗಿ ಹೊರಬಂದಿತು. ಇಂಗ್ಲಿಷಿನಲ್ಲಿ ಬರೆದ ಮೈಸೂರನ್ನು ಲಂಡನ್ ಆಲಿಸಿತು. ಕನ್ನಡದಲ್ಲಿ ಮಾತನಾಡಿದ ಮೈಸೂರನ್ನು ಆಲಿಸಲು ಯಾದವಗಿರಿಯ ಆಸುಪಾಸಿನವರೇ ಆಗಬೇಕಿತ್ತು.

ಸಂಗೀತ, ಭಾಷಣ, ನಾಟಕ, ಕಾವ್ಯವಾಚನ ಎಂಬ ಈ ಚೌಕಟ್ಟು ಬಿಬಿಸಿಯದೇ. ರೀತ್ ಅವರ ಪಾಠಶಾಲೆಯ ಛಾಯೆ ಇಲ್ಲಿಯೂ ಇದೆ. ವ್ಯತ್ಯಾಸವಿರುವುದು ಬೇರೆಡೆ. ಮುಂಬಯಿಯಲ್ಲಿ ಹಾಡಲು ಹೋದ ಧಾರವಾಡದ ಗಾಯಕ ಅಲ್ಲಿ ಅತಿಥಿ ಕಲಾವಿದ, ಘೋಷಕನ ಭಾಷೆ ಇನ್ನೊಂದು. ಮೈಸೂರಿನಲ್ಲಿ ಘೋಷಣೆಯೂ ಕನ್ನಡ, ಕ್ಷಮೆ ಯಾಚನೆಯೂ ಕನ್ನಡ. ಮೈಕಿನ ಮುಂದೆ ಕುಳಿತು, ಕಾಣದ ಕೇಳುಗನನ್ನು ಉದ್ದೇಶಿಸಿ, ಭಾಷಣದ ಏರುದನಿಯಿಲ್ಲದೆ ಓದಿ ಹೇಳುವ ಒಂದು ಕನ್ನಡ ಅದುವರೆಗೆ ಇರಲಿಲ್ಲ. ಹರಿಕಥೆಯ ಕನ್ನಡವಿತ್ತು, ಕಂಪೆನಿ ನಾಟಕದ ಕನ್ನಡವಿತ್ತು, ಸಭೆಯ ಕನ್ನಡವಿತ್ತು. ಮುಂದೆ ನಮ್ಮ ಹಿರಿಯರು ಬೆಳಗಿನ ಕಾಫಿಯೊಂದಿಗೆ ಕೇಳಿದ ಆ ತಗ್ಗುದನಿಯ, ಅಚ್ಚುಕಟ್ಟಾದ ಬಾನುಲಿ ಕನ್ನಡದ ಅಭ್ಯಾಸ ಶುರುವಾದದ್ದು ಇಂಥ ಕೋಣೆಯಲ್ಲಿ ಎಂಬುದು ನನ್ನ ಎಣಿಕೆ.

ಬೆಂಗಳೂರಿಗೆ ಹೋದದ್ದು, ಮೈಸೂರಿಗೆ ಮರಳಿದ್ದು

ಬಾನುಲಿ ಹಸಿದ ಪ್ರಾಣಿ. ಪ್ರತಿದಿನ ಅದಕ್ಕೆ ಹಾಡು ಬೇಕು, ಮಾತು ಬೇಕು, ಯಂತ್ರದ ಬಿಡಿಭಾಗ ಬೇಕು. ಲೈಸೆನ್ಸಿನ ಆದಾಯವೂ ಜಾಹೀರಾತಿನ ಆದಾಯವೂ ಇಲ್ಲದ ನಿಲಯವನ್ನು ಒಬ್ಬ ಪ್ರಾಧ್ಯಾಪಕರು ಆರು ವರ್ಷಗಳಷ್ಟು ಕಾಲ ನಡೆಸಿದ್ದೇ ಆಶ್ಚರ್ಯ. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. ಆಗ ಯುದ್ಧಕಾಲ. ಬ್ರಿಟಿಷ್ ಭಾರತದಲ್ಲಿ ಹವ್ಯಾಸಿಗಳ ಪ್ರಸಾರ ಯಂತ್ರಗಳಿಗೆ ನಿಷೇಧವಿತ್ತು. 1942ರ ಆಗಸ್ಟ್ 27ರಂದು ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಆರಂಭಿಸಿದ ಗುಪ್ತ ಕಾಂಗ್ರೆಸ್ ರೇಡಿಯೋ ನವೆಂಬರಿನಲ್ಲಿ ಪೊಲೀಸರ ಕೈಗೆ ಸಿಕ್ಕಿ ಅವರು ಜೈಲು ಸೇರಿದರು. ಮನೆಯೊಳಗೊಂದು ಯಂತ್ರ ಒಂದೂರಿನಲ್ಲಿ ಅಪರಾಧ, ಇನ್ನೊಂದೂರಿನಲ್ಲಿ ಸಂಸ್ಥಾನದ ಸಂಸ್ಥೆ.

ಸ್ವಾತಂತ್ರ್ಯ ಬಂದಾಗ ಸಂಸ್ಥಾನಗಳ ನಿಲಯಗಳು ಐದಿದ್ದವು: ಮೈಸೂರು, ಬರೋಡಾ, ತಿರುವನಂತಪುರ, ಹೈದರಾಬಾದ್, ಔರಂಗಾಬಾದ್. ಮೈಸೂರಿನದು 1950ರ ಏಪ್ರಿಲ್ 1ರಂದು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಕೇಂದ್ರದ ಇಲಾಖೆ ಕನ್ನಡ ನೆಲದಲ್ಲಿ ತಾನೇ ತೆರೆದ ಮೊದಲ ನಿಲಯ ಅದಕ್ಕೆ ಸ್ವಲ್ಪ ಮುಂಚಿನದು: 1950ರ ಜನವರಿ 8ರಂದು, ದೇಶ ಗಣರಾಜ್ಯವಾಗಲು ಹದಿನೆಂಟು ದಿನ ಉಳಿದಿರುವಾಗ, ಧಾರವಾಡದಲ್ಲಿ. ಬೇಂದ್ರೆಯವರು ಮುಂದೆ ಸಲಹೆಗಾರರಾಗಿದ್ದ, ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆ ನೀಡಿದ ನಿಲಯ ಅದು. ಮುಂಬಯಿಗೆ ಅತಿಥಿಯಾಗಿ ಹೋಗಿ ಬರುತ್ತಿದ್ದ ಹಿಂದುಸ್ತಾನಿ ಸಂಗೀತದ ಧಾರವಾಡ ಕೊನೆಗೂ ತನ್ನ ಜಗಲಿಯಲ್ಲಿ ಕುಳಿತು ಹಾಡಿತು.

ಮೈಸೂರಿಗೆ ಒದಗಿದ ಗತಿ ಬೇರೆ. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು, ಮೈಸೂರಿನ ಪ್ರಸಾರ ಅಲ್ಲಿಗೆ ವರ್ಗವಾಯಿತು. ಏಕೀಕರಣಕ್ಕೆ ಇನ್ನೊಂದು ವರ್ಷವಷ್ಟೇ ಇತ್ತು. ಹೊಸ ರಾಜ್ಯದ ರಾಜಧಾನಿಯಾಗಲಿದ್ದ ಊರಿಗೆ ನಿಲಯ ಬೇಕೆಂಬುದು ನ್ಯಾಯವೇ. ಬೆಂಗಳೂರು ನಿಲಯ ಬೆಳೆದ ಬಗೆ ಇಡೀ ನಾಡಿಗೆ ಗೊತ್ತು, ಎ. ಎಸ್. ಮೂರ್ತಿಯವರು ‘ಆಕಾಶವಾಣಿ ಈರಣ್ಣ’ನಾಗಿ ಮನೆಮಾತಾದದ್ದು ಅಲ್ಲಿಯೇ. ಆದರೆ ಪ್ರಾಂತದ ರಾಜಧಾನಿಗೊಂದು ಎಂಬ ಫೀಲ್ಡನ್ ಕಾಲದ ಸೂತ್ರವೇ ಮತ್ತೆ ಗೆದ್ದು, ಆ ಸೂತ್ರಕ್ಕೆ ಹೊರಗಿದ್ದುಕೊಂಡೇ ಇಪ್ಪತ್ತು ವರ್ಷ ಬಾಳಿದ ನಿಲಯವನ್ನು ಅದು ನುಂಗಿತು. ಮೈಸೂರಿಗೆ ಮತ್ತೆ ಸ್ವಂತ ನಿಲಯ ದೊರೆತದ್ದು 1974ರ ನವೆಂಬರ್ 14ರಂದು, ಹತ್ತೊಂಬತ್ತು ವರ್ಷಗಳ ಮೌನದ ಬಳಿಕ. ಕಲಬುರಗಿಗೆ 1966ರಲ್ಲಿ, ಮಂಗಳೂರಿಗೆ 1976ರಲ್ಲಿ ನಿಲಯಗಳು ಬಂದವು. ಮಂಗಳೂರಿನ ದನಿ, ಇಪ್ಪತ್ತು ವರ್ಷ ಮೊದಲು ಕೇರಳಕ್ಕೆ ಸೇರಿಹೋಗಿದ್ದ ಕಾಸರಗೋಡಿನ ಕನ್ನಡಿಗರ ಮನೆಗಳಿಗೂ ತಲುಪಿತು. ತರಂಗಕ್ಕೆ ಚಂದ್ರಗಿರಿ ಹೊಳೆಯೂ ಗಡಿಯಲ್ಲ.

ಇಂದು ಮೈಸೂರು ನಿಲಯ ಎಫ್‌ಎಂ 100.6ರಲ್ಲಿಯೂ, ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿಯೂ ದೊರೆಯುತ್ತದೆ. ಅಲ್ಲಿನ ಬೆಳಗಿನ ಆರು ಗಂಟೆ ಇಲ್ಲಿ ಬೇಸಗೆಯಲ್ಲಿ ಹಿಂದಿನ ರಾತ್ರಿಯ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೆ ಸುಪ್ರಭಾತ ಕೇಳುವುದಕ್ಕೆ ಮನಸ್ಸು ಒಪ್ಪಬೇಕು, ಅಷ್ಟೆ.

ಹೆಸರಿನ ವಿಷಯ

ಮೈಸೂರು ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟ ಶ್ರೇಯಸ್ಸು ಗೋಪಾಲಸ್ವಾಮಿಯವರ ಸಹೋದ್ಯೋಗಿ ನಾ. ಕಸ್ತೂರಿಯವರಿಗೆ ಸಲ್ಲುತ್ತದೆ. ಕೊಚ್ಚಿ ಸಂಸ್ಥಾನದ ತ್ರಿಪ್ಪುಣಿತ್ತುರದಲ್ಲಿ ಹುಟ್ಟಿದ, ಮನೆಮಾತು ಮಲೆಯಾಳವಾಗಿದ್ದ, ಇತಿಹಾಸ ಪಾಠ ಹೇಳುತ್ತಿದ್ದ ಈ ಹಾಸ್ಯಲೇಖಕರು ಪದಗಳನ್ನು ತಿರುಗಿಸಿ ಮುರುಗಿಸಿ ನಗಿಸುವುದರಲ್ಲಿ ನಿಸ್ಸೀಮರು. ಪುರಾಣದಲ್ಲಿ ಆಕಾಶವಾಣಿ ಕೇಳಿದವರಲ್ಲಿ ಹೆಚ್ಚು ಪ್ರಸಿದ್ಧನಾದವನು ಕಂಸ: ಕೇಳಬೇಕೆಂದು ಕೇಳಿದವನಲ್ಲ, ಕೇಳಿದ ಮೇಲೆ ಮರುಮಾತಾಡಲು ಎದುರಿಗೆ ಯಾರೂ ಇಲ್ಲ, ಕೂಡಲೇ ಕತ್ತಿ ಹಿರಿದ. ಬಾನುಲಿಯ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ಹೆಸರನ್ನು ಹುಡುಕುವುದು ಕಷ್ಟ. 1938ರಲ್ಲಿ ಕಲ್ಕತ್ತಾದ ಹ್ರಸ್ವತರಂಗ ಕೇಂದ್ರದ ಸಂದರ್ಭಕ್ಕೆ ರವೀಂದ್ರನಾಥ ಠಾಕೂರರು ಬರೆದ ಕವಿತೆಯಲ್ಲಿಯೂ ಈ ಪದ ಬಂದಿರುವುದರಿಂದ ಬಂಗಾಳಿಗಳು ಹೆಸರಿನ ಮೇಲೆ ತಮ್ಮ ಹಕ್ಕನ್ನೂ ಹೇಳುತ್ತಾರೆ. ಎರಡು ಕಡೆ ಬೇರೆ ಬೇರೆಯಾಗಿ ಹೊಳೆದಿರಬಾರದೆಂದೇನೂ ಇಲ್ಲ. ಒಂದು ನಿಲಯ ತನ್ನನ್ನು ದಿನವೂ ಆ ಹೆಸರಿನಿಂದ ಕರೆದುಕೊಂಡದ್ದು ಮಾತ್ರ ಮೈಸೂರಿನಲ್ಲಿ ಮೊದಲು.

1950ರ ದಶಕದ ಉತ್ತರಾರ್ಧದಲ್ಲಿ ಆ ಹೆಸರು ಇಡೀ ದೇಶದ ಬಾನುಲಿಯದಾಯಿತು. ಇಂಗ್ಲಿಷ್ ಪ್ರಸಾರದಲ್ಲಿ ಮಾತ್ರ ಫೀಲ್ಡನ್ ಇಟ್ಟ ಹೆಸರು ಉಳಿಯಿತು. 2023ರ ಮೇ ತಿಂಗಳಲ್ಲಿ, ಇನ್ನು ಎಲ್ಲೆಡೆಯೂ ‘ಆಕಾಶವಾಣಿ’ ಎಂದೇ ಹೇಳತಕ್ಕದ್ದೆಂಬ ಆದೇಶ ಹೊರಟು ಆ ಉಳಿಕೆಯೂ ಹೋಯಿತು. ತಮಿಳುನಾಡಿನಲ್ಲಿ ಇದಕ್ಕೆ ವಿರೋಧ ಎದ್ದಿತು, ಹಿಂದೆಯೂ ಎದ್ದಿತ್ತು. ಅಲ್ಲಿ ಈ ಪದ ದೆಹಲಿಯಿಂದ ಬಂದದ್ದು, ಹಿಂದಿಯ ಬೆನ್ನೇರಿ ಬಂದದ್ದು; ಮೈಸೂರಿನ ಒಂದು ಮನೆಯಿಂದ ಹೊರಟದ್ದಲ್ಲ. ಅವರ ಮಾತು ‘ವಾನೊಲಿ’. ಅದರ ಒಡಹುಟ್ಟು ಕನ್ನಡದಲ್ಲಿಯೂ ಇದೆ: ಬಾನು, ಉಲಿ, ಎರಡೂ ಕೂಡಿ ‘ಬಾನುಲಿ’. ಈ ಲೇಖನದುದ್ದಕ್ಕೂ ಬಳಸಿರುವುದು ಅದನ್ನೇ. ಆದರೆ ಮೈಸೂರಿನಲ್ಲಿಯಾಗಲಿ ಧಾರವಾಡದಲ್ಲಿಯಾಗಲಿ ಅಜ್ಜಿಯೊಬ್ಬಳು ‘ಬಾನುಲಿ ಹಾಕು’ ಎಂದದ್ದನ್ನು ಕೇಳಿದವರು ವಿರಳ. ಅವಳು ‘ರೇಡಿಯೋ ಹಾಕು’ ಎನ್ನುತ್ತಿದ್ದಳು. ಅದು ಹತ್ತಿಕೊಂಡ ಮೇಲೆ ‘ಇದು ಆಕಾಶವಾಣಿ’ ಎನ್ನುತ್ತಿತ್ತು.